ಎಳ್ಳ ಅಮಾಸಿಯ ಆನಿವರ್ಸರಿ

ನಮ್ಮ ಕಡೆ ಧನುರ್ಮಾಸದಲ್ಲಿ ಲಗ್ನವಾಗುವವರು ಎರಡೇ ಬಗೆ. ಮನೆಯವರಿಗೆ ಹೇಳದೆ ರಿಜಿಸ್ಟ್ರಾರ್ ಕಚೇರಿಗೆ ಹೋದವರು ಒಂದು, ನನ್ನ ಮಾವನಂಥವರ ಕೈಗೆ ಸಿಕ್ಕವರು ಇನ್ನೊಂದು. ಜೇವರ್ಗಿಯ ನನ್ನ ಮಾವ ಬಸವತತ್ವದವರು. ಪಂಚಾಂಗವನ್ನು ಹೊಸ್ತಿಲು ದಾಟಿಸಿದವರಲ್ಲ. ಶರಣರಿಗೆ ಎಲ್ಲ ದಿನವೂ ಶುಭದಿನವೇ ಎಂದು ಅವರು ಸಾರಿದಾಗ ಮೊದಲು ತಲೆದೂಗಿದವನು ಕಲ್ಯಾಣ ಮಂಟಪದ ಮಾಲೀಕ. ಆ ತಿಂಗಳಲ್ಲಿ ಅವನ ಮಂಟಪದಲ್ಲಿ ಪಾರಿವಾಳಗಳದೇ ಸಂಸಾರ. ಅರ್ಧ ಬಾಡಿಗೆಗೆ ಕೊಟ್ಟ. ಬ್ಯಾಂಡಿನವರೂ ಮನೆಯಲ್ಲಿ ಸುಮ್ಮನೆ ಕೂತವರು, ಚಹಾದ ಖರ್ಚು ಹೊರಟರೆ ಸಾಕೆಂದು ಬಂದರು. ಹೀಗೆ ತತ್ವವೂ ಉಳಿತಾಯವೂ ಕೂಡಿಬಂದು 2009ರ ಡಿಸೆಂಬರ್ 30ಕ್ಕೆ ನಮ್ಮ ಲಗ್ನವಾಯಿತು.

ಆಳಂದದ ನನ್ನ ಅವ್ವ ಬೀಗರೆದುರು ಹೂಂ ಅಂದಳು. ಆದರೆ ಹಿತ್ತಲ ಬಾಗಿಲಿನಿಂದ ಹೋಗಿ ಪಂಚಾಂಗ ತೆಗೆಸಿ ನೋಡಿಬಂದಿದ್ದಳೆಂದು ಆಮೇಲೆ ತಿಳಿಯಿತು. ಮರುದಿನ ಹುಣ್ಣಿಮೆ. "ಅಮಾಸಿ ಅಂತೂ ಅಲ್ಲ, ಆಗ್ಲಿ ಬಿಡ್ರಿ" ಎಂದು ಒಪ್ಪಿಕೊಂಡಿದ್ದಳಂತೆ. ಅಂದು ತಪ್ಪಿಸಿಕೊಂಡ ಅಮಾಸಿ ನಮ್ಮ ಬೆನ್ನು ಬಿಡಲಿಲ್ಲ. 2024ರಲ್ಲಿ ಸರಿಯಾಗಿ ಡಿಸೆಂಬರ್ 30ಕ್ಕೇ ಬಂದು ಕೂತಿತು. ಅದೂ ಅಂತಿಂಥ ಅಮಾಸಿಯಲ್ಲ, ಎಳ್ಳ ಅಮಾಸಿ.

ಕಲಬುರಗಿ ಜಿಲ್ಲೆಯ ಹೊರಗಿನವರಿಗೆ ಇದರ ತೂಕ ಒಂದಿಷ್ಟು ಹೇಳಬೇಕು. ದೀಪಾವಳಿಗೆ ಊರಿಗೆ ಬರದ ಮಗನನ್ನು ನಮ್ಮಲ್ಲಿ ಕ್ಷಮಿಸುತ್ತಾರೆ. ಎಳ್ಳ ಅಮಾಸಿಗೆ ಹೊಲಕ್ಕೆ ಬರದವನನ್ನು ಮುಂದಿನ ಅಮಾಸಿಯವರೆಗೆ ಮಾತಾಡಿಸುವುದಿಲ್ಲ. ಅಂದು ಪೇಟೆ ಭಣಭಣ. ಜನವೆಲ್ಲ ಬಂಡಿ, ಟ್ರ್ಯಾಕ್ಟರ್, ಕಾರು ಹತ್ತಿ ಹೊಲದಲ್ಲಿ. ಸ್ವಂತ ಹೊಲ ಇಲ್ಲದವರಿಗೂ ಕರೆಯುವ ಹೊಲ ನಾಲ್ಕಿರುತ್ತವೆ. ತೊಗರಿ ಕೊಯ್ಲಿಗೆ ಬಂದಿರುತ್ತದೆ, ಕಡಲೆ ಹಸಿರಾಗಿರುತ್ತದೆ, ಬಿಳಿಜೋಳ ಎದೆಮಟ್ಟ ನಿಂತಿರುತ್ತದೆ. ಐದು ಕಲ್ಲಿಗೆ ಸುಣ್ಣ ಬಳಿದು ಪಾಂಡವರೆಂದು ಪೂಜೆ ಮಾಡಿ, ನೈವೇದ್ಯವನ್ನು ಕೂಗುತ್ತ ಹೊಲದ ತುಂಬ ಚೆಲ್ಲುವುದು ಚರಗ. ಆಮೇಲೆ ಊಟ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಕಡಬು, ಪುಂಡಿಪಲ್ಯ, ಅಗಸಿ ಹಿಂಡಿ, ಅಂಬಲಿ; ಇವೆಲ್ಲದರ ನಡುವೆ ಭಜ್ಜಿ. ಬೆಂಗಳೂರಿನವರು ಭಜ್ಜಿ ಎಂದೊಡನೆ ಎಣ್ಣೆಯಲ್ಲಿ ಕರಿದ ಮೆಣಸಿನಕಾಯಿ ನೆನೆದು ನಿರಾಸೆಪಡಬಾರದು. ಹಸಿ ತೊಗರಿ, ಅವರೆ, ಕಡಲೆ, ಬಟಾಣಿ, ಮೆಂತ್ಯ, ಸಿಕ್ಕಿದ ತಪ್ಪಲೆಲ್ಲ ಹಾಕಿ, ಹುಣಸೆಹುಳಿ ಹಿಂಡಿ, ಕಡಲೆಹಿಟ್ಟು ಕದಡಿ ಕುದಿಸಿದ ಈ ಭಜ್ಜಿಯಲ್ಲಿ ಯಾವುದಿದೆ ಎನ್ನುವುದಕ್ಕಿಂತ ಯಾವುದಿಲ್ಲ ಎಂದು ಹೇಳುವುದೇ ಸಲೀಸು.

ಇಂಥ ದಿನ ಗಂಡಹೆಂಡತಿ ಇಬ್ಬರೇ ಕಲಬುರಗಿಯ ಹೋಟೆಲಿಗೆ ಹೋಗಿ ಊಟ ಮಾಡೋಣ ಎಂದಳು ನನ್ನ ಹೆಂಡತಿ. ಹದಿನೈದನೇ ವರ್ಷ, ಆಸೆ ದೊಡ್ಡದೇನಲ್ಲ. "ಹೊಲಕ್ಕೂ ಹೋಗೂಣು, ರಾತ್ರಿ ಮಾತ್ರ ನಮ್ಮಿಬ್ಬರದು" ಎಂದು ಒಪ್ಪಂದವಾಯಿತು.

ಅಷ್ಟರಲ್ಲಿ ಫೋನುಗಳು ಶುರುವಾದವು. ಅಫಜಲಪುರ ತಾಲೂಕಿನ ಭೀಮಾ ದಂಡೆಯಲ್ಲಿರುವ ಅಕ್ಕ, "ಘತ್ತರಗಿ ಭಾಗ್ಯವಂತಿ ದರ್ಶನ ಮಾಡ್ಕೊಂಡು ನಮ್ಮ ಹೊಲಕ್ಕೇ ಬರ್ರಿ, ಲಗ್ನದ ದಿನ ಬ್ಯಾರೆ ಅದ" ಎಂದಳು. ಅಮಾಸಿಯ ದಿನ ಘತ್ತರಗಿಯ ಗದ್ದಲದಲ್ಲಿ ದೇವಿಯ ದರ್ಶನ ಆದೀತು. ಹೊಲದ ದರ್ಶನಕ್ಕೆ ಮರುದಿನವೇ ಆಗಬೇಕು. ಜೇವರ್ಗಿಯಿಂದ ಹೆಂಡತಿಯ ತಮ್ಮ, "ಮಾಮಾ, ಅಪ್ಪ ಕಾಯ್ತಾನ, ನೀವು ಬರಲಿಲ್ಲಂದ್ರ ಚರಗ ಚೆಲ್ಲಾಂಗಿಲ್ಲ ಅಂತಾನ" ಎಂದ. ಪಂಚಾಂಗ ಒಪ್ಪದ ಮಾವ ಎಳ್ಳ ಅಮಾಸಿಯನ್ನು ಮಾತ್ರ ಬಿಟ್ಟವರಲ್ಲ. ಅದು ಹೊಲದ ಹಬ್ಬ, ಪಂಚಾಂಗದ್ದಲ್ಲ ಎಂದು ಅದಕ್ಕೂ ಒಂದು ತತ್ವ ಇಟ್ಟುಕೊಂಡಿದ್ದಾರೆ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಮೂರು ದಿಕ್ಕು. ಬೆಳಿಗ್ಗೆ ಆಳಂದ, ಸಂಜೆ ಜೇವರ್ಗಿ, ಅಕ್ಕನಿಗೆ ಮರುದಿನ ಎಂದು ಹಂಚಿದೆ. ಭಜ್ಜಿಗೆ ನಿಜವಾದ ರುಚಿ ಬರುವುದೇ ಮರುದಿನ ಎಂದು ಅಕ್ಕನನ್ನು ಒಲಿಸಿದೆ. ಇದು ಸುಳ್ಳೂ ಅಲ್ಲ.

ಆಳಂದದ ಹೊಲಕ್ಕೆ ಮಗ ಕೇಕ್ ತಂದಿದ್ದ. ಟ್ರ್ಯಾಕ್ಟರಿನ ಟ್ರಾಲಿಯಲ್ಲಿ ರೊಟ್ಟಿ ಬುಟ್ಟಿ, ಅಂಬಲಿ ಗಡಿಗೆಗಳ ನಡುವೆ ಕುಳಿತು ಬಂದ ಅದರ ಮೇಲೆ ನಮ್ಮಿಬ್ಬರ ಹೆಸರು ಕಲೆಸಿಹೋಗಿ ಯಾರ ಹೆಸರು ಯಾವುದೆಂದು ತಿಳಿಯದಂತಾಗಿತ್ತು. ಹದಿನೈದು ವರ್ಷಕ್ಕೆ ಅಷ್ಟಾಗುವುದು ಸಹಜ. "ತತ್ತಿ ಹಾಕ್ಯಾರೇನು?" ಎಂದು ಅವ್ವ ಮೊದಲ ಅಡ್ಡಗಾಲು ಹಾಕಿದಳು. ಇಲ್ಲವೆಂದು ಡಬ್ಬಿಯ ಮೇಲಿನ ಹಸಿರು ಚುಕ್ಕೆ ತೋರಿಸಿದೆವು. "ಅಮಾಸಿ ದಿನ ದೀಪ ಊದಿ ಆರಿಸ್ತೀರೇನು?" ಎಂದು ಎರಡನೆಯದು. ಇದನ್ನು ಹೊಲದ ಗಾಳಿಯೇ ಬಗೆಹರಿಸಿತು. ಮೇಣದಬತ್ತಿ ಹೊತ್ತಿಕೊಳ್ಳಲೇ ಇಲ್ಲ.

ಪಾಂಡವರ ಪೂಜೆ ಮುಗಿಯದೆ ಯಾರೂ ಏನೂ ಬಾಯಿಗಿಡುವಂತಿಲ್ಲ. ಸುಣ್ಣ ಬಳಿದುಕೊಂಡು ಸಾಲಾಗಿ ಕೂತ ಐವರ ಎದುರು ನಾವಿಬ್ಬರೂ ಕೈಮುಗಿದು ನಿಂತೆವು. ಐವರನ್ನು ಸುಧಾರಿಸಿದ ದ್ರೌಪದಿಗೆ ಯಾರೂ ಕೇಕ್ ತಂದ ದಾಖಲೆಯಿಲ್ಲ, ಒಬ್ಬನನ್ನು ಸುಧಾರಿಸಿದ್ದಕ್ಕೆ ನಿನಗೆ ಇಷ್ಟು ವೈಭವ ಎಂದು ಹೆಂಡತಿಯ ಕಿವಿಯಲ್ಲಿ ಹೇಳಿದೆ. "ಐದು ಮಂದಿಗಿ ಪಾಳಿ ಇತ್ತು, ಆಕಿಗಿ ಸೂಟಿ ಸಿಗ್ತಿತ್ತು" ಎಂದಳು.

ಕರೆದ ನೆಂಟರು, ಕಚೇರಿಯ ಗೆಳೆಯರು, ಅವರು ಕರೆತಂದ ಗೆಳೆಯರು ಎಲ್ಲರೂ ಕೇಕ್ ಕಂಡು ಏನು ವಿಶೇಷವೆಂದು ಕೇಳಿದರು. ಕಾಕಾ ಒಬ್ಬರಿಗೆ ಮಾತ್ರ ಎಷ್ಟು ಬಿಡಿಸಿ ಹೇಳಿದರೂ ಗಂಟಲಲ್ಲಿ ಇಳಿಯಲಿಲ್ಲ. "ಲಗ್ನ ಆಗಿದ್ದು ಎಲ್ಲಾರಿಗೂ ಗೊತ್ತದಲ್ಲ, ಮತ್ಯಾಕ ನೆಪ್ಪು ಮಾಡ್ಕೊಂತೀರಿ?" ಎಂದರು. ಈ ಗಲಾಟೆಯಲ್ಲಿ ಚರಗ ಹೊರಟ ಹುಡುಗರು ನೈವೇದ್ಯದ ಬುಟ್ಟಿಗೆ ಕೇಕಿನ ಅರ್ಧವನ್ನೂ ಸೇರಿಸಿಕೊಂಡಿದ್ದರು. ತೊಗರಿ ಸಾಲಿನುದ್ದಕ್ಕೂ ಭಜ್ಜಿಯ ಹಿಂದೆ ಕೆನೆ ಹಾರಿತು. ಭೂಮಿತಾಯಿ ಬೇಡವೆನ್ನಲಿಲ್ಲ. ಇರುವೆಗಳಂತೂ ಬಹಳ ಮೆಚ್ಚಿದವು.

ಕಟ್ಟಿಸಂಗಾವಿಯ ಬಳಿ ಭೀಮೆಯ ಸೇತುವೆ ದಾಟಿ ಜೇವರ್ಗಿ ಮುಟ್ಟಿದಾಗ ಹೊಟ್ಟೆಯಲ್ಲಿ ಅಂಬಲಿ ಅಲೆ ಹೊಡೆಯುತ್ತಿತ್ತು. ಅಲ್ಲಿ ಮತ್ತೆ ಅದೇ ಊಟ. ಅತ್ತೆಯ ಭಜ್ಜಿ ಹೆಚ್ಚೋ ಅವ್ವನ ಭಜ್ಜಿ ಹೆಚ್ಚೋ ಎಂದು ಯಾರೂ ಬಾಯಿಬಿಟ್ಟು ಕೇಳಲಿಲ್ಲ, ಆದರೆ ನನ್ನ ಎರಡನೇ ಬಡಿಸುವಿಕೆಯನ್ನು ಎಲ್ಲರೂ ಕಣ್ಣಿಟ್ಟು ನೋಡುತ್ತಿದ್ದರು. ಎರಡನೆಯದನ್ನೂ ಹಾಕಿಸಿಕೊಂಡೆ.

ಒಪ್ಪಂದ ಒಪ್ಪಂದವೇ. ರಾತ್ರಿ ಕಲಬುರಗಿಯ ಹೋಟೆಲಿಗೆ ಹೋದೆವು. ಇಡೀ ಹಾಲಿನಲ್ಲಿ ನಾವಿಬ್ಬರೇ. ಹೆಂಡತಿ ಬೇಡಿದ ಏಕಾಂತ ಅಷ್ಟರಮಟ್ಟಿಗೆ ಸಿಕ್ಕಿತ್ತು. ವೇಟರ್ ಹುಡುಗ ನೀರಿಟ್ಟು, "ಅಡಿಗಿಯವರು ಹೊಲಕ್ಕ ಹೋದವರು ಇನ್ನಾ ಬಂದಿಲ್ಲರೀ ಸರ್, ಚಾ ಬೇಕಾದ್ರ ನಾನೇ ಮಾಡ್ತೀನಿ" ಎಂದ. ನಿನ್ನ ಊಟವಾಯಿತೇ ಎಂದು ಕೇಳಿದವಳು ನನ್ನ ಹೆಂಡತಿ. ಇಲ್ಲವೆಂದ. ಕಾರಿನಲ್ಲಿ ಅತ್ತೆ ಕಟ್ಟಿಕೊಟ್ಟ ಬುತ್ತಿ ಇತ್ತು. ಮೇಣದಬತ್ತಿ ಇಟ್ಟಿದ್ದ ಆ ಮೇಜಿನ ಮೇಲೆ ಸಜ್ಜಿ ರೊಟ್ಟಿ, ಭಜ್ಜಿ, ಹಿಂಡಿ ಹರಡಿ, ಇವಳೇ ನಿಂತು ಅವನಿಗೆ ಬಡಿಸಿದಳು. ನಾವಿಬ್ಬರೂ ಚಹಾ ಕುಡಿದೆವು. ಬಿಲ್ಲಿನಲ್ಲಿ ಎರಡು ಚಹಾ ಇದ್ದವು.

ಇಷ್ಟಕ್ಕೇ ಮುಗಿದಿದ್ದರೆ ಆಗುತ್ತಿತ್ತು. ಅವ್ವನ ತಲೆಯಲ್ಲಿ ಬೇರೆ ಲೆಕ್ಕ ಕೂತುಬಿಟ್ಟಿತು. ತನ್ನ ಲಗ್ನದ ತಾರೀಖು ಅವಳಿಗೆ ಗೊತ್ತಿಲ್ಲ. ಎಪ್ಪತ್ತೆರಡರ ಬರದ ವರ್ಷ, ಸೀಗಿ ಹುಣ್ಣಿಮಿ ಆದ ಮ್ಯಾಲ ಎಂದಷ್ಟೇ ಹೇಳುತ್ತಾಳೆ. ಅಂಥವಳಿಗೆ ನಮ್ಮ ಆನಿವರ್ಸರಿ ಎಳ್ಳ ಅಮಾಸಿಗೆ ಎಂದು ಖಾಯಂ ಆಯಿತು. ಕಳೆದ ಸಲ ಅಮಾಸಿ ಹನ್ನೊಂದು ದಿನ ಹಿಂದೆ ಸರಿದು 2025ರ ಡಿಸೆಂಬರ್ 19ಕ್ಕೆ ಬಂದಾಗ ಹೊಲದಲ್ಲಿ ನಮ್ಮಿಬ್ಬರಿಗೂ ಆರತಿ ಎತ್ತಿಸಿದಳು. ಇನ್ನೂ ತಾರೀಖು ಬಂದಿಲ್ಲ ಎಂದರೆ, "ತಾರೀಕೇನು, ಸರ್ಕಾರದ್ದು" ಎಂದಳು.

ಕುತೂಹಲಕ್ಕೆ ನಾನೂ ಕ್ಯಾಲೆಂಡರ್ ತಿರುವಿದೆ. ಚಾಂದ್ರಮಾನ ವರ್ಷ ಸುಮಾರು 354 ದಿನದ್ದು, ಇಂಗ್ಲಿಷ್ ವರ್ಷಕ್ಕಿಂತ ಹನ್ನೊಂದು ದಿನ ಕಡಿಮೆ. ಹಾಗಾಗಿ ಹಬ್ಬ ಹಿಂದೆ ಹಿಂದೆ ಸರಿಯುತ್ತದೆ. ಅಧಿಕ ಮಾಸ ಬಂದಾಗ ಒಮ್ಮೆಲೆ ಮುಂದಕ್ಕೆ ಜಿಗಿಯುತ್ತದೆ. 2026ರಲ್ಲಿ ಅಧಿಕ ಜ್ಯೇಷ್ಠ. ಆದ್ದರಿಂದ ಮುಂದಿನ ಎಳ್ಳ ಅಮಾಸಿ 2027ರ ಜನವರಿ 7ಕ್ಕೆ. ಅಂದರೆ 2026ನೇ ಇಸವಿಯಲ್ಲಿ ಎಳ್ಳ ಅಮಾಸಿಯೇ ಇಲ್ಲ! ಸೀರೆಯಿಲ್ಲ, ಹೋಟೆಲಿಲ್ಲ, ಕೇಕಿಲ್ಲ. ಅವ್ವನ ಲೆಕ್ಕವೇ ಶಾಸ್ತ್ರೋಕ್ತ ಎಂದು ಹೆಂಡತಿಗೆ ಗಂಭೀರವಾಗಿ ತಿಳಿಸಿ, ಈ ವರ್ಷ ನಮಗೆ ಆನಿವರ್ಸರಿ ಇಲ್ಲವೆಂದು ಸಾರಿದೆ.

ಅವಳು ಕ್ಯಾಲೆಂಡರ್ ಕೇಳಿ ಇಸಿದುಕೊಂಡಳು. ಶರಣರ ಮಗಳು ಪಂಚಾಂಗ ನೋಡಿದ್ದು ಅದೇ ಮೊದಲು. ಹಿಂದಿನ ವರ್ಷಗಳದ್ದನ್ನೂ ಮೊಬೈಲಿನಲ್ಲಿ ತೆಗೆದು ಒಂದಷ್ಟು ಹೊತ್ತು ಬೆರಳೆಣಿಸಿದಳು.

"ಅಲ್ರೀ, 2024ರಾಗ ಜನವರಿ 11ಕ್ಕ ಒಮ್ಮೆ, ಡಿಸೆಂಬರ್ 30ಕ್ಕ ಒಮ್ಮೆ, ಎರಡು ಎಳ್ಳ ಅಮಾಸಿ ಬಂದಾವ. ನೀವು ಕೊಡಿಸಿದ್ದು ಒಂದೇ ಸೀರಿ. ಮೊದಲು ಆ ಬಾಕಿ ತೀರಸ್ರಿ."