ಗೇಟಿನ ಬೋರ್ಡು ನಂಬಬೇಡಿ
ಪ್ರೆಸ್ ಶಾಪ್ ವ್ಯವಸ್ಥಾಪಕರಿಗೆ ಒಂದು ಬಹಿರಂಗ ಪತ್ರ

ಮಾನ್ಯ ವ್ಯವಸ್ಥಾಪಕರೇ,

ಪೀಣ್ಯದ ಕೈಗಾರಿಕಾ ಪ್ರದೇಶದಲ್ಲಿ ಲೋಹದ ತಗಡು ಕತ್ತರಿಸಿ, ಒತ್ತಿ, ವಾಹನಗಳ ಬಿಡಿಭಾಗ ಮಾಡಿಸುವ ನಿಮ್ಮೆಲ್ಲರಿಗೂ ಈ ಪತ್ರ. ನಿಮ್ಮಲ್ಲಿ ಹಲವರ ಕಾರ್ಖಾನೆಯ ಗೇಟಿನಲ್ಲಿ ‘ಅಪಘಾತರಹಿತ ದಿನಗಳು’ ಎಂಬ ಬೋರ್ಡು ಇರುತ್ತದೆ. ಬೆಳಿಗ್ಗೆ ಶಿಫ್ಟ್ ಶುರುವಾಗುವ ಹೊತ್ತಿಗೆ ಯಾರೋ ಒಬ್ಬರು ಅಂಕಿ ತಿದ್ದುತ್ತಾರೆ. ಸುರಕ್ಷತಾ ನೀತಿ ಫಲ ಕೊಟ್ಟಿದೆಯೇ ಎಂದು ಆಡಿಟ್‌ಗೆ ಬಂದವರು ಕೇಳಿದರೆ ನೀವು ಮೊದಲು ತೋರಿಸುವುದು ಆ ಅಂಕಿಯನ್ನೇ. ಅದನ್ನು ನಂಬಬೇಡಿ ಎಂದು ಕೇಳಿಕೊಳ್ಳುತ್ತಿದ್ದೇನೆ.

ಆ ಅಂಕಿ ಹೇಗೆ ಬೆಳೆಯುತ್ತದೆ ಎಂಬುದು ಪ್ರೆಸ್ ಮುಂದೆ ನಿಂತು ದುಡಿದವರಿಗೆ ಗೊತ್ತಿದೆ. ರಾತ್ರಿ ಪಾಳಿಯಲ್ಲಿ ಡೈ ಮೇಲೆ ತಗಡು ಇಡುತ್ತಿದ್ದ ಹುಡುಗನೊಬ್ಬನ ತೋರುಬೆರಳಿನ ತುದಿಯ ಗೆಣ್ಣು ಹೋಗುತ್ತದೆ. ಅವನು ಗುತ್ತಿಗೆದಾರನ ಕಡೆಯವನು. ಇ.ಎಸ್.ಐ. ಆಸ್ಪತ್ರೆಗೆ ಹೋದರೆ ದಾಖಲೆಯಾಗುತ್ತದೆಂದು ಹತ್ತಿರದ ನರ್ಸಿಂಗ್ ಹೋಮಿಗೆ ಕರೆದೊಯ್ದು ಹೊಲಿಗೆ ಹಾಕಿಸುತ್ತಾರೆ. ಬಿಲ್ಲನ್ನು ಕಂಪನಿಯೇ ಕಟ್ಟುತ್ತದೆ. ಗಾಯಗೊಂಡವರು 48 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಕೆಲಸ ಮಾಡಲಾಗದಿದ್ದರೆ ಇಲಾಖೆಗೆ ವರದಿ ಕೊಡಬೇಕೆಂದು 1948ರ ಕಾರ್ಖಾನೆಗಳ ಕಾಯ್ದೆ ಹೇಳುತ್ತಿತ್ತು. ಈಗಿನ ಔದ್ಯೋಗಿಕ ಸುರಕ್ಷತಾ ಸಂಹಿತೆಯೂ ಅದನ್ನೇ ಹೇಳುತ್ತದೆ. ಹಾಗಾಗಿ ಮಾರನೆಯ ದಿನವೇ ಹುಡುಗ ಬ್ಯಾಂಡೇಜ್ ಕೈಯಲ್ಲಿ ಸ್ಟೋರ್ಸ್‌ನಲ್ಲಿ ಕೂತಿರುತ್ತಾನೆ. ಹಾಜರಿ ಬೀಳುತ್ತದೆ. ಬೋರ್ಡಿನ ಅಂಕಿ ಒಂದು ಏರುತ್ತದೆ.

ಇದರಿಂದ ಅವನು ಕಳೆದುಕೊಳ್ಳುವುದು ಗೆಣ್ಣನ್ನು ಮಾತ್ರವಲ್ಲ. ಪರಿಹಾರದ ಕಾನೂನಿನ ಅನುಸೂಚಿಯಲ್ಲಿ ಒಂದೊಂದು ಬೆರಳಿಗೂ ಲೆಕ್ಕವಿದೆ: ತೋರುಬೆರಳಿನ ಒಂದು ಗೆಣ್ಣಿಗೆ ಗಳಿಕೆಯ ಶಕ್ತಿಯಲ್ಲಿ ಶೇ 9 ನಷ್ಟ, ಪೂರ್ತಿ ಬೆರಳಿಗೆ ಶೇ 14, ಹೆಬ್ಬೆರಳಿಗೆ ಶೇ 30. ಇ.ಎಸ್.ಐ.ನ ಶಾಶ್ವತ ಅಂಗವೈಕಲ್ಯ ಸೌಲಭ್ಯವು ಸಂಬಳದ ಶೇ 90ರ ಮೇಲೆ ಈ ಪ್ರಮಾಣ ಹಿಡಿದು ಸಿಗುತ್ತದೆ. ತಿಂಗಳಿಗೆ 15,000 ರೂಪಾಯಿ ಪಡೆಯುವವನಿಗೆ ಒಂದು ಗೆಣ್ಣಿಗೆ ಸುಮಾರು 1,200 ರೂಪಾಯಿ, ಬದುಕಿರುವಷ್ಟು ಕಾಲ. ಅಪಘಾತ ರಿಜಿಸ್ಟರಿನಲ್ಲಿ ಸಾಲು ಬರೆಯದಿದ್ದರೆ ಆ ಹಣಕ್ಕಾಗಿ ಅವನು ವರ್ಷಗಟ್ಟಲೆ ಅಲೆಯಬೇಕು. ಗಾಯ ಕಂಪನಿಯಲ್ಲೇ ಆಯಿತೆಂದು ಸಾಬೀತು ಮಾಡುವ ಹೊರೆಯೂ ಅವನ ತಲೆಗೇ ಬೀಳುತ್ತದೆ. ಇಷ್ಟು ಕಸಿದುಕೊಂಡ ನೀತಿಯನ್ನು ಯಶಸ್ವಿ ಎಂದು ವರದಿ ಬರೆಯುವುದು ಅನ್ಯಾಯ.

ಯಂತ್ರದ ವಿಚಾರವನ್ನೂ ಹೇಳಲೇಬೇಕು. ‘ಎಲ್ಲ ಪ್ರೆಸ್‌ಗಳಿಗೂ ಸೆನ್ಸರ್ ಹಾಕಿಸಿದ್ದೇವೆ’ ಎಂಬ ಸಾಲು ಹಲವು ಮೌಲ್ಯಮಾಪನ ವರದಿಗಳಲ್ಲಿ ಇರುತ್ತದೆ. ಅಡ್ಡ ಬಂದ ಕೈಯನ್ನು ಕಂಡು ರ‍್ಯಾಮ್ ನಿಲ್ಲಿಸುವ ಬೆಳಕಿನ ಪರದೆ ಒಳ್ಳೆಯ ಸಾಧನ, ನಿಜ. ಆದರೆ ಹಳೆಯ ಪಿನ್ ಕ್ಲಚ್ ಅಥವಾ ಕೀ ಕ್ಲಚ್ ಪ್ರೆಸ್ ಒಮ್ಮೆ ಇಳಿಯತೊಡಗಿತೆಂದರೆ ಸುತ್ತು ಮುಗಿಸದೆ ನಿಲ್ಲುವುದೇ ಇಲ್ಲ. ಅಂಥ ಯಂತ್ರಕ್ಕೆ ಬೆಳಕಿನ ಪರದೆ ಹಾಕಿದರೆ ಕೈ ಉಳಿಯುವುದಿಲ್ಲ. ಅದಕ್ಕೆ ಕೈ ಒಳಗೆ ಹೋಗದಂತೆ ತಡೆಯುವ ಸ್ಥಿರ ಗಾರ್ಡು ಬೇಕು. ಪಿನ್ ಸವೆದರೆ ಒಂದೇ ಒತ್ತಿಗೆ ಎರಡು ಸ್ಟ್ರೋಕ್ ಬೀಳುತ್ತದೆ. ಎರಡನೆಯದು ಬರುವಾಗ ಆಪರೇಟರನ ಕೈ ಡೈ ಒಳಗೇ ಇರುತ್ತದೆ. ಎರಡು ಕೈಯಿಂದ ಒತ್ತಬೇಕಾದ ಬಟನ್‌ಗಳಲ್ಲಿ ಒಂದಕ್ಕೆ ಟೇಪು ಸುತ್ತಿ ಅದುಮಿ ಇಟ್ಟಿರುವುದನ್ನು ಶಾಪ್ ಫ್ಲೋರಿನಲ್ಲಿ ನಡೆದಾಡಿದರೆ ನೀವೇ ಕಾಣುತ್ತೀರಿ. ಹುಡುಗರ ಅಜಾಗರೂಕತೆ ಎಂದು ಬೈಯುವ ಮೊದಲು ಗಂಟೆಗೆ ಇಷ್ಟು ಪೀಸ್ ಎಂದು ಗುರಿ ಕೊಟ್ಟವರು ಯಾರೆಂದು ನೋಡಿ. ಗುರಿ ಏರಿದ ವಾರವೇ ಗಾರ್ಡು ಬಿಚ್ಚಿ ಮೂಲೆ ಸೇರುತ್ತದೆ.

ಬೋರ್ಡಿಗೆ ಕಾಣದ ಇನ್ನೊಂದು ಹಾನಿ ಕಿವಿಯದು. ಪ್ರೆಸ್ ಸದ್ದಿನಲ್ಲಿ ಕೇಳುವ ಶಕ್ತಿ ಒಂದೇ ದಿನದಲ್ಲಿ ಹೋಗುವುದಿಲ್ಲ, ವರ್ಷಗಳಲ್ಲಿ ಹೋಗುತ್ತದೆ. ಅಷ್ಟರೊಳಗೆ ಗುತ್ತಿಗೆಯವನು ಬೇರೆ ಕಂಪನಿ ಸೇರಿರುತ್ತಾನೆ. ಸದ್ದಿನಿಂದಾಗುವ ಕಿವುಡು ಕಾರ್ಖಾನೆಗಳ ಕಾಯ್ದೆಯ ರೋಗಪಟ್ಟಿಯಲ್ಲೇ ಇತ್ತು. ಕೆಲಸಕ್ಕೆ ಸೇರಿದಾಗ ಒಮ್ಮೆ, ಆಮೇಲೆ ಪ್ರತಿವರ್ಷ ಶ್ರವಣ ಪರೀಕ್ಷೆ ಮಾಡಿಸಿ, ಎರಡನ್ನೂ ಹೋಲಿಸಿ ನೋಡಿದವರು ನಿಮ್ಮಲ್ಲಿ ಎಷ್ಟು ಜನ?

2025ರ ನವೆಂಬರ್ 21ರಿಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕಾರ್ಯಸ್ಥಿತಿ ಸಂಹಿತೆ ಜಾರಿಗೆ ಬಂದಿದೆ. ವಿದ್ಯುತ್ ಬಳಸುವ ಘಟಕ ‘ಕಾರ್ಖಾನೆ’ ಎನಿಸಿಕೊಳ್ಳಲು ಮೊದಲು 10 ಜನ ಸಾಕಿತ್ತು, ಈಗ 20 ಬೇಕು. ನೀವು ಕೆಲಸ ಹಂಚಿಕೊಡುವ ಸಣ್ಣ ಶೆಡ್ಡುಗಳಲ್ಲಿ ಹನ್ನೆರಡು, ಹದಿನೈದು ಜನ ದುಡಿಯುವುದು ಸಾಮಾನ್ಯ. ಅಲ್ಲಿ ಹೋದ ಬೆರಳು ನಿಮ್ಮ ಬಿಡಿಭಾಗಕ್ಕಾಗಿಯೇ ಹೋಗಿದ್ದು. ಅದನ್ನೂ ನಿಮ್ಮ ಲೆಕ್ಕಕ್ಕೆ ಸೇರಿಸಿಕೊಳ್ಳಿ ಎನ್ನುವುದು ನನ್ನ ಒತ್ತಾಯ.

ಹಾಗಾದರೆ ನೀತಿಯ ಫಲವನ್ನು ಅಳೆಯುವುದು ಹೇಗೆ? ಸ್ವಲ್ಪದರಲ್ಲಿ ತಪ್ಪಿದ ಘಟನೆಗಳನ್ನು ಕಾರ್ಮಿಕರು ಬಂದು ಹೇಳುತ್ತಿದ್ದಾರೆಯೇ ನೋಡಿ. ಮೊದಲ ವರ್ಷ ಆ ವರದಿಗಳ ಸಂಖ್ಯೆ ಏರಿದರೆ ಗಾಬರಿಯಾಗಬೇಡಿ; ಹೇಳಿದರೆ ಕೆಲಸ ಹೋಗುವುದಿಲ್ಲ ಎಂಬ ಧೈರ್ಯ ಬಂದಿದೆ ಎಂದರ್ಥ. ಹೇಳಿದವನ ಪ್ರೆಸ್ ಎಷ್ಟು ದಿನದಲ್ಲಿ ರಿಪೇರಿಯಾಯಿತು ಎಂದು ಬರೆದಿಡಿ. ಗಾರ್ಡು ಜಾಗದಲ್ಲಿದೆಯೇ ಎಂಬ ತಪಾಸಣೆಯನ್ನು ರಾತ್ರಿ ಪಾಳಿಯಲ್ಲಿ, ಮುನ್ಸೂಚನೆ ಕೊಡದೆ ಮಾಡಿ. ಮಾರ್ಚ್ 4ರ ರಾಷ್ಟ್ರೀಯ ಸುರಕ್ಷತಾ ದಿನದಂದು ಎಲ್ಲರೂ ಪ್ರತಿಜ್ಞೆ ಮಾಡುತ್ತಾರೆ, ಬೇಡವೆನ್ನುವುದಿಲ್ಲ. ಆದರೆ ಮಾರ್ಚ್ 5ರ ರಾತ್ರಿಯ ಗಾರ್ಡು ನನಗೆ ಅದಕ್ಕಿಂತ ಮುಖ್ಯ. ಕಾಯಂ, ಗುತ್ತಿಗೆ, ಟ್ರೈನಿ ಎಂಬ ಭೇದವಿಲ್ಲದೆ ಎಲ್ಲರ ಗಾಯವೂ ಒಂದೇ ರಿಜಿಸ್ಟರಿಗೆ ಬರಲಿ.

ಈ ತಿಂಗಳು ಒಂದು ಕೆಲಸ ಮಾಡಿ. ಅಕೌಂಟ್ಸ್ ವಿಭಾಗದಿಂದ ಕಳೆದ ವರ್ಷದ ನರ್ಸಿಂಗ್ ಹೋಮ್ ಬಿಲ್ಲುಗಳನ್ನು ತರಿಸಿ, ಅಪಘಾತ ರಿಜಿಸ್ಟರಿನ ಪಕ್ಕದಲ್ಲಿಟ್ಟು ಸಾಲು ಸಾಲಾಗಿ ತಾಳೆ ನೋಡಿ. ಬಿಲ್ಲಿನಲ್ಲಿದ್ದು ರಿಜಿಸ್ಟರಿನಲ್ಲಿ ಇಲ್ಲದ ಹೆಸರುಗಳನ್ನು ಬರೆದುಕೊಳ್ಳಿ. ಅವರನ್ನು ಹುಡುಕಿಸಿ, ಇ.ಎಸ್.ಐ.ಗೆ ಕೊಡಬೇಕಾದ ಅಪಘಾತ ವರದಿಯನ್ನು ಈಗಲಾದರೂ ಸಹಿ ಮಾಡಿ ಕಳಿಸಿ.

ಇಂತಿ,
ಪ್ರೆಸ್ ಶಾಪ್ ಕಾರ್ಮಿಕರ ಹಿತ ಬಯಸುವವ