ಪೋನಿ ಕಾರಿನ ಪೆರ್ಡೂರು ಮೂಲ: ಒಂದು ಜಿಜ್ಞಾಸೆ

ಅಮೆರಿಕದ ವಾಹನ ಪಂಡಿತರಿಗೆ ಒಂದು ದುರಭ್ಯಾಸವಿದೆ. ಪೋನಿ ಕಾರಿನ ಹುಟ್ಟಿನ ಬಗ್ಗೆ ಬರೆಯಹೊರಟವರೆಲ್ಲ ಡೆಟ್ರಾಯಿಟ್ಟಿನಿಂದ ಶುರುಮಾಡಿ ಡೆಟ್ರಾಯಿಟ್ಟಿನಲ್ಲೇ ಮುಗಿಸಿಬಿಡುತ್ತಾರೆ. ರಾಷ್ಟ್ರೀಯ ಹೆದ್ದಾರಿ 169ಎ ಹಿಡಿದು ಉಡುಪಿಯಿಂದ ಆಗುಂಬೆಯ ಕಡೆ ಹೊರಟರೆ ಹಿರಿಯಡ್ಕ ದಾಟಿ ಹೆಬ್ರಿ ಮುಟ್ಟುವ ಮೊದಲು ಪೆರ್ಡೂರು ಎಂಬ ಊರು ಸಿಗುತ್ತದೆ ಎಂಬ ಅರಿವೇ ಅವರಿಗಿದ್ದಂತಿಲ್ಲ. ಈ ಮಹಾಲೋಪವನ್ನು ಸರಿಪಡಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ನಮ್ಮ ಸಿದ್ಧಾಂತ ಇಷ್ಟೇ: ಪೋನಿ ಕಾರು ಮೋಟಾರಿನ ಜಾತಿಯದ್ದಲ್ಲ, ವೇಷದ ಜಾತಿಯದ್ದು. ಅದನ್ನು ತಿಳಿಯಲು ಮೆಕ್ಯಾನಿಕ್ ಆಗಬೇಕಿಲ್ಲ. ಒಂದು ರಾತ್ರಿ ಯಕ್ಷಗಾನ ಮೇಳದ ಚೌಕಿಯಲ್ಲಿ, ಅಂದರೆ ಬಣ್ಣದ ಮನೆಯಲ್ಲಿ, ಕೂತವರಿಗೆ ಉಳಿದದ್ದೆಲ್ಲ ತಾನಾಗಿಯೇ ಹೊಳೆಯುತ್ತದೆ.

ಮೊದಲು ಪೂರ್ವಪಕ್ಷ. 1964ರ ಏಪ್ರಿಲ್ 17ರಂದು ನ್ಯೂಯಾರ್ಕಿನ ವಿಶ್ವಮೇಳದಲ್ಲಿ ಫೋರ್ಡ್ ಕಂಪನಿ ಮಸ್ಟ್ಯಾಂಗ್ ಎಂಬ ಗಾಡಿಯನ್ನು ಜನರ ಮುಂದೆ ನಿಲ್ಲಿಸಿತು. ಬೆಲೆ 2,368 ಡಾಲರ್. ಹಿಂದೆ ನಿಂತು ಆಡಿಸಿದವರು ಫೋರ್ಡ್ ವಿಭಾಗದ ಮುಖ್ಯಸ್ಥ ಲೀ ಅಯಕೋಕ. ಉದ್ದ ಬಾನೆಟ್, ಗಿಡ್ಡ ಹಿಂಭಾಗ, ಮುಂದೆ ಎಡಕ್ಕೆ ಓಡುವ ಕುದುರೆ. ಮೊದಲ ದಿನವೇ 22 ಸಾವಿರ ಆರ್ಡರು ಬಂದವಂತೆ. ವರ್ಷಕ್ಕೆ ಒಂದು ಲಕ್ಷ ಹೋದರೆ ಸಾಕು ಅಂದುಕೊಂಡಿದ್ದವರು ನಾಲ್ಕು ಲಕ್ಷಕ್ಕೂ ಮಿಕ್ಕಿ ಮಾರಿದರು. ಈ ಕುದುರೆಯ ದೆಸೆಯಿಂದ ಇಡೀ ಜಾತಿಗೇ ಪೋನಿ ಕಾರು ಎಂಬ ಹೆಸರು ಬಂತು. ಆಮೇಲೆ ಕ್ಯಾಮಾರೊ, ಫೈರ್‌ಬರ್ಡ್, ಜಾವೆಲಿನ್, ಚಾಲೆಂಜರ್ ಸಾಲುಗಟ್ಟಿ ಬಂದವು. ಇಷ್ಟು ಎಲ್ಲರಿಗೂ ಗೊತ್ತು. ಏಕೆ ಎಂದು ಕೇಳಿದರೆ ಮಾತ್ರ ಪಂಡಿತರು ಯುದ್ಧಾನಂತರದ ಯುವಪೀಳಿಗೆ, ಕೊಳ್ಳುವ ಶಕ್ತಿ ಎಂದೇನೋ ಗೊಣಗಿ ಜಾಗ ಖಾಲಿ ಮಾಡುತ್ತಾರೆ.

ಈಗ ಚೌಕಿಗೆ ಬನ್ನಿ. ಪೆರ್ಡೂರಿನ ಶ್ರೀ ಅನಂತಪದ್ಮನಾಭ ಯಕ್ಷಗಾನ ಮಂಡಳಿ ಬಡಗುತಿಟ್ಟಿನ ಹೆಸರಾಂತ ಡೇರೆ ಮೇಳ. ಆಟಕ್ಕೆ ಮೊದಲು ರಂಗಸ್ಥಳದ ಹಿಂದೆ ಪೆಟ್ಟಿಗೆಗಳ ಸಾಲು. ಪೆಟ್ಟಿಗೆಗೆ ಕನ್ನಡಿ ಒರಗಿಸಿಕೊಂಡು, ಬನಿಯನ್ ತೊಟ್ಟವರೊಬ್ಬರು ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ. ಹತ್ತು ನಿಮಿಷದ ಹಿಂದೆ ಮಗಳ ಶಾಲೆಯ ಫೀಸಿನ ವಿಷಯವಾಗಿ ಫೋನಿನಲ್ಲಿ ತಗಾದೆ ಮಾಡುತ್ತಿದ್ದವರು ಇವರೇ. ಈಗ ಹಣೆಗೆ ನಾಮ ಎಳೆಯುವಾಗ ಉಸಿರು ಬಿಗಿಹಿಡಿಯುತ್ತಾರೆ. ಆಮೇಲೆ ಕಾಲಿಗೆ ಗೆಜ್ಜೆ, ಸೊಂಟಕ್ಕೆ ಕಸೆ ಸೀರೆ, ಎದೆಗೆ ಎದೆಪದಕ, ಹೆಗಲಿಗೆ ಭುಜಕೀರ್ತಿ. ದಾರ ಬಿಗಿಯಲು ಇನ್ನೊಬ್ಬರು ಬೇಕು. ಅವರು ಹಿಂದೆ ನಿಂತು ಎಳೆದ ಎಳೆತಕ್ಕೆ ವೇಷವೇ ಒಮ್ಮೆ ಓಲಾಡುತ್ತದೆ. ಚಂಡೆಗೆ ಪೆಟ್ಟು ಬಿತ್ತೋ, ಫೀಸಿನ ಮನುಷ್ಯ ಮಾಯ. ಎದುರಿಗೆ ಅಭಿಮನ್ಯು.

ಮಸ್ಟ್ಯಾಂಗಿನ ಕಥೆಯೂ ಅಕ್ಷರಶಃ ಇದೇ. ಒಳಗಿದ್ದದ್ದು ಫೋರ್ಡ್ ಫಾಲ್ಕನ್. 1960ರ ಮಾದರಿಯಾಗಿ ಬಂದ ಈ ಫಾಲ್ಕನ್, ಮುಂದೆ ಅಮೆರಿಕದ ರಕ್ಷಣಾ ಕಾರ್ಯದರ್ಶಿಯಾದ ರಾಬರ್ಟ್ ಮೆಕ್‌ನಮಾರಾ ಪಟ್ಟುಹಿಡಿದು ಮಾಡಿಸಿದ್ದು. ತರಕಾರಿ ತರುವ, ಮಕ್ಕಳನ್ನು ಶಾಲೆಗೆ ಬಿಡುವ ಶುದ್ಧ ಗೃಹಸ್ಥ ಗಾಡಿ. ಅದರ ಅಡಿಗಟ್ಟನ್ನೇ ತೆಗೆದುಕೊಂಡು, ಅದರದೇ ಆರು ಸಿಲಿಂಡರಿನ, 101 ಕುದುರೆಶಕ್ತಿಯ ಇಂಜಿನ್ನು ಕೂರಿಸಿ ಮೇಲೆ ವೇಷ ಕಟ್ಟಿದರು. ಸಾಕ್ಷಿ ಬೇಕೆ? ಹಿಂಚಕ್ರದ ಮುಂದೆ ಪಕ್ಕೆಯಲ್ಲಿ ಗಾಳಿ ಒಳಗೆ ನುಗ್ಗುವಂಥ ಒಂದು ಕಿಂಡಿ ಇದೆ. ಬೆರಳು ಹಾಕಿ ನೋಡಿ, ಹಿಂದೆ ಬರೀ ತಗಡು. ಗಾಳಿಯೂ ಇಲ್ಲ, ದಾರಿಯೂ ಇಲ್ಲ. ಭುಜಕೀರ್ತಿಯಿಂದ ಯಾರಾದರೂ ಬಾಣ ತಡೆದದ್ದುಂಟೇ? ಅದು ಇರುವುದು ಹೆಗಲು ಅಗಲವಾಗಿ ಕಾಣಲಿಕ್ಕೆ. ಕಿಂಡಿ ಇರುವುದೂ ಅದಕ್ಕೇ. ಎಂಟು ಸಿಲಿಂಡರಿನ ಇಂಜಿನ್ನು ಬೇಕಾದವರಿಗೆ ಹೆಚ್ಚಿನ ದುಡ್ಡಿಗೆ ಸಿಗುತ್ತಿತ್ತು, ನಿಜ. ಆದರೆ ಆರು ಸಿಲಿಂಡರಿನದ್ದನ್ನೇ ಕೊಂಡವನೂ ಎಂಟರವನಷ್ಟೇ ಸೆಟೆದು ಕೂರುತ್ತಿದ್ದ. ಅಲ್ಲಿದೆ ಗುಟ್ಟು.

ಉಳಿದ ಪೂರ್ವರಂಗವನ್ನೂ ಗಮನಿಸಬೇಕು. ಮಸ್ಟ್ಯಾಂಗಿಗೆ ಹದಿನಾರು ದಿನ ಮೊದಲೇ, ಏಪ್ರಿಲ್ 1ರಂದು, ಪ್ಲಿಮತ್ ಕಂಪನಿಯ ಬ್ಯಾರಕುಡ ರಂಗಕ್ಕೆ ಬಂದಿತ್ತು. ಹಿಂದಿನ ಗಾಜು ಮಾತ್ರ ಬಹಳ ದೊಡ್ಡದು. ಯಾರೂ ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮುಖ್ಯ ಪ್ರಸಂಗಕ್ಕೆ ಮೊದಲು ಕೋಡಂಗಿ ಕುಣಿಯುವುದು, ಆಗ ಜನ ಕಡಲೆ ಕೊಳ್ಳುತ್ತ ಇರುವುದು ನಮ್ಮಲ್ಲಿ ಶಾಸ್ತ್ರಸಮ್ಮತ. ಡೆಟ್ರಾಯಿಟ್ಟು ಇದನ್ನು ಆಕಸ್ಮಿಕವೆಂದು ತಿಳಿದುಕೊಂಡಿದೆ. ಏಪ್ರಿಲ್ 16ರ ಸಂಜೆ ಫೋರ್ಡಿನವರು ಅಮೆರಿಕದ ಮೂರೂ ಟೀವಿ ಜಾಲಗಳಲ್ಲಿ ಒಟ್ಟಿಗೇ ಜಾಹೀರಾತು ಬಿಟ್ಟರು. ಜೀಪಿಗೆ ಮೈಕು ಕಟ್ಟಿ ಗದ್ದೆಬದಿಯ ರಸ್ತೆಗಳಲ್ಲಿ ‘ಇಂದೇ ಈ ರಾತ್ರಿ’ ಎಂದು ಸಾರುವುದಕ್ಕಿಂತ ಇದು ಖರ್ಚಿನ ಬಾಬ್ತು ಎಂಬುದೊಂದೇ ವ್ಯತ್ಯಾಸ.

ಇನ್ನು ಕುದುರೆ. ಅಶ್ವಮೇಧದಲ್ಲಿ ಕುದುರೆಯ ಹಣೆಯ ಮೇಲೆ ಲಿಖಿತ, ಮಸ್ಟ್ಯಾಂಗಿನಲ್ಲಿ ಗಾಡಿಯ ಹಣೆಯ ಮೇಲೆ ಕುದುರೆ. ಈ ಕುದುರೆಯನ್ನು ಯಾರಾದರೂ ಕಟ್ಟಿಹಾಕಲೇಬೇಕು, ಇಲ್ಲದಿದ್ದರೆ ಪ್ರಸಂಗ ಮುಂದೆ ಸಾಗದು. ಹಾಗೇ ಆಯಿತು. ಕ್ರಮಸಂಖ್ಯೆ ಒಂದರ ಮಸ್ಟ್ಯಾಂಗ್ ಮಾರಾಟಕ್ಕಲ್ಲ, ಬರೀ ಪ್ರದರ್ಶನಕ್ಕೆ. ಎಲ್ಲೋ ಎಡವಟ್ಟಾಗಿ ಕೆನಡಾದ ನ್ಯೂಫೌಂಡ್‌ಲ್ಯಾಂಡಿನಲ್ಲಿ ವಿಮಾನ ಚಾಲಕರೊಬ್ಬರು ಅದನ್ನು ಕೊಂಡೇಬಿಟ್ಟರು. ಫೋರ್ಡಿನವರು ಕೊಡಿ ಎಂದರು. ಇವರು ಒಲ್ಲೆ ಎಂದು ಓಡಿಸಿಕೊಂಡೇ ಇದ್ದರು. ಕೊನೆಗೆ 1966ರಲ್ಲಿ ಹತ್ತು ಲಕ್ಷನೆಯ ಮಸ್ಟ್ಯಾಂಗನ್ನು ಕಪ್ಪವಾಗಿ ಒಪ್ಪಿಸಿ ಮೊದಲನೆಯದನ್ನು ಬಿಡಿಸಿಕೊಳ್ಳಬೇಕಾಯಿತು. ಅಶ್ವಮೇಧದ ಕುದುರೆಯನ್ನು ಕಟ್ಟಿಹಾಕಿದ ಬಭ್ರುವಾಹನನ ಕಾಳಗಕ್ಕಿಂತ ಇದು ಎಷ್ಟು ಭಿನ್ನವೆಂದು ಓದುಗರೇ ಹೇಳಲಿ. (ಬಭ್ರುವಾಹನನ ಮಣಿಪುರವೇ ನಮ್ಮ ಮಣಿಪಾಲ ಎಂದು ವಾದಿಸುವ ಆಸೆಯನ್ನು ಬಹಳ ಕಷ್ಟಪಟ್ಟು ತಡೆದುಕೊಂಡಿದ್ದೇನೆ.)

ಕುದುರೆಗೂ ಕರಾವಳಿಗೂ ಏನು ಸಂಬಂಧ ಎಂಬ ಆಕ್ಷೇಪ ಬರಬಹುದು. ವಿಜಯನಗರದ ಸೈನ್ಯಕ್ಕೆ ಅರಬ್ಬೀ ಕುದುರೆಗಳು ಬಂದಿಳಿಯುತ್ತಿದ್ದದ್ದು ಭಟ್ಕಳದಂಥ ನಮ್ಮ ಬಂದರುಗಳಲ್ಲೇ. ಅವುಗಳಲ್ಲಿ ಒಂದಾದರೂ ಪೆರ್ಡೂರಿನ ಮಾರ್ಗವಾಗಿ ಘಟ್ಟ ಹತ್ತಿತು ಎನ್ನಲು ಯಾವ ಆಧಾರವೂ ಇಲ್ಲ. ಹತ್ತಲಿಲ್ಲ ಎನ್ನಲೂ ಇಲ್ಲ. ಸಂಶೋಧನೆಯಲ್ಲಿ ಇದನ್ನು ಪ್ರಬಲ ಸಾಧ್ಯತೆ ಎನ್ನುತ್ತಾರೆ.

ಭಾರತೀಯ ಶಾಖೆಗೆ ಬಂದರೆ ನಮ್ಮ ವಾದಕ್ಕೆ ಆನೆಬಲ. 1984ರಲ್ಲಿ ಹಿಂದುಸ್ತಾನ್ ಮೋಟರ್ಸ್ ಕಾಂಟೆಸಾ ಎಂಬ ಗಾಡಿ ತಂದಿತು. ಅಂಗಸೌಷ್ಠವ ಇಂಗ್ಲೆಂಡಿನ ವಾಕ್ಸಾಲ್‌ನದು. ಅಗಲ ಮೂತಿ, ಚೌಕ ಬಾನೆಟ್, ಗತ್ತು. ಬಾನೆಟ್ ಎತ್ತಿದರೆ ಅಂಬಾಸಿಡರಿನ ಅದೇ 1,489 ಸಿಸಿ ಇಂಜಿನ್ನು! ಅಂದರೆ ಬಾಡಿಗೆಗೆ ಓಡುವ ಟ್ಯಾಕ್ಸಿಯ ಹೃದಯಕ್ಕೆ ಕಿರೀಟಧಾರಣೆ. ಇಸುಜು ಇಂಜಿನ್ನು ಬಂದದ್ದು ಆಮೇಲೆ, ಗಾಡಿ ನಿಂತದ್ದು 2002ರಲ್ಲಿ. ಈ ವಿಷಯದಲ್ಲಿ ಪ್ರಬಂಧಕಾರನು ಪೆರ್ಡೂರಿನ ದೇವಸ್ಥಾನದ ಎದುರಿನ ಹೋಟೆಲಿನಲ್ಲಿ ಬನ್ಸ್ ತಿನ್ನುತ್ತಿದ್ದ ನಿವೃತ್ತ ಟ್ಯಾಕ್ಸಿ ಡ್ರೈವರರೊಬ್ಬರನ್ನು ಸಂದರ್ಶಿಸಿದನು.

“ಒಳಗೆ ಅಂಬಾಸಿಡರೇ ಅಂತ ಗೊತ್ತಿತ್ತಾ ಅಣ್ಣ?”

“ಗೊತ್ತಿಲ್ದೆ ಎಂತ ಮಾರಾಯ್ರೆ? ಏರಿನಲ್ಲಿ ಅಂಬಾಸಿಡರಿಗಿಂತ ಹೆಚ್ಚು ಏದುಸಿರು ಬಿಡ್ತಿತ್ತು ಅದು.”

“ಮತ್ತೆ ಯಾಕೆ ಅಷ್ಟು ಆಸೆ?”

“ವೇಷಕ್ಕೆ ಕೂತವ ಹಗಲಲ್ಲಿ ಏನು ಕೆಲಸ ಮಾಡ್ತಾನೆ ಅಂತ ನೀವು ಆಟದ ನಡುವೆ ಕೇಳ್ತೀರಾ?”

ಇಷ್ಟು ಸ್ಪಷ್ಟವಾದ ಮೀಮಾಂಸೆ ಅಯಕೋಕರ ಬಾಯಿಂದಲೂ ಬಂದದ್ದಿಲ್ಲ ಎಂಬುದು ನಮ್ಮ ಮತ.

ಇದೇ ಮಾನದಂಡದಿಂದ ಒಂದು ಕಠಿಣ ತೀರ್ಪನ್ನೂ ಕೊಡಬೇಕಾಗಿದೆ. 2016ರಲ್ಲಿ ಫೋರ್ಡಿನವರು ಭಾರತದಲ್ಲಿ ಮಸ್ಟ್ಯಾಂಗನ್ನು ಅಧಿಕೃತವಾಗಿ ಮಾರಲಾರಂಭಿಸಿದರು: ಐದು ಲೀಟರಿನ ಎಂಟು ಸಿಲಿಂಡರು, ಬೆಲೆ ಸುಮಾರು 65 ಲಕ್ಷ. ನಮ್ಮ ಪ್ರಕಾರ ಇದು ಪೋನಿ ಕಾರೇ ಅಲ್ಲ. ಗುಮಾಸ್ತನೂ ಮೇಷ್ಟ್ರೂ ಸಂಬಳದಲ್ಲಿ ಕಂತು ಕಟ್ಟಿ ಒಂದು ಸಂಜೆಯ ಮಟ್ಟಿಗೆ ಅಭಿಮನ್ಯುವಾಗಬಹುದಾದ ಗಾಡಿಗೆ ಮಾತ್ರ ಆ ಹೆಸರು ಸಲ್ಲುತ್ತದೆ. ನಿಜವಾದ ರಾಜ ಒಡ್ಡೋಲಗ ಕೊಟ್ಟರೆ ಅದು ಆಟವಲ್ಲ, ದರ್ಬಾರು. 1973ರ ಎಣ್ಣೆ ಬಿಕ್ಕಟ್ಟಿನ ಹೊತ್ತಿಗೆ ಬಂದ, ಪುಟ್ಟ ಪಿಂಟೊ ಕಾರಿನ ಮೇಲೆ ಕಟ್ಟಿದ ಎರಡನೇ ಮಸ್ಟ್ಯಾಂಗನ್ನು ಎಲ್ಲರೂ ಬೈಯುತ್ತಾರೆ. ನಾವು ಬೈಯುವುದಿಲ್ಲ. ಕಿರೀಟ ಸಣ್ಣದಾಯಿತು, ಅಷ್ಟೇ, ಪರಂಪರೆ ಉಳಿಯಿತು.

ಕೊನೆಯದಾಗಿ, ಫೋರ್ಡ್ ಕಂಪನಿಗೆ ಒಂದು ವಿನಂತಿ. ಸಿಂಹ ಸಂಕ್ರಮಣದಂದು ಪೆರ್ಡೂರಿನ ಅನಂತಪದ್ಮನಾಭನ ದರ್ಶನಕ್ಕೆ ಹೊಸದಾಗಿ ಮದುವೆಯಾದವರು ಜೋಡಿ ಜೋಡಿಯಾಗಿ ಬರುತ್ತಾರೆ. ಆ ದಿನ 1965ರ ಮಾದರಿಯ ಒಂದು ಮಸ್ಟ್ಯಾಂಗ್ ಕಳಿಸಿಕೊಟ್ಟರೆ, ಆರು ಸಿಲಿಂಡರಿನದ್ದಾದರೂ ಅಡ್ಡಿಯಿಲ್ಲ, ಚಕ್ರದಡಿ ನಿಂಬೆಹಣ್ಣು ಇಟ್ಟು, ಕದಳೀಪ್ರಿಯನಾದ ಆ ದೇವರಿಗೆ ಬಾಳೆಹಣ್ಣು ಒಪ್ಪಿಸಿ ಪೂಜೆ ಮಾಡಿಸುವ ಹೊಣೆ ನಮ್ಮದು. ಈ ಸಿದ್ಧಾಂತವನ್ನು ಒಪ್ಪದ ವಿದ್ವಾಂಸರು ಮೇಳದ ತಿರುಗಾಟದ ಕಾಲದಲ್ಲಿ, ಮಳೆ ಹಿಡಿಯುವ ಮೊದಲು, ಚೌಕಿಗೆ ಬಂದು ವಾದಿಸಬಹುದು. ಬಣ್ಣ ಹಚ್ಚುವವರ ಬೆಳಕಿಗೆ ಮಾತ್ರ ಅಡ್ಡ ನಿಲ್ಲಬಾರದು.