ಗೊಟ್ಟದ ಕಾಕಾ

ನಮ್ಮ ಬಾಗಲಕೋಟೆ ಕಡೆ ಊರಿಗೊಬ್ಬ ಗೊಟ್ಟದ ಕಾಕಾ ಇದ್ದೇ ಇರುತ್ತಾನೆ. ಗೊಟ್ಟ ಅಂದರೆ ದನಕ್ಕೆ ಔಷಧ ಕುಡಿಸುವ ಬಿದಿರಿನ ತುಂಡು. ಒಂದು ತುದಿಗೆ ಗೆಣ್ಣು, ಇನ್ನೊಂದು ತುದಿ ಓರೆಗೆ ಕೊಯ್ದದ್ದು. ಎತ್ತಿನ ಹೊಟ್ಟೆ ಉಬ್ಬಿತೋ, ಮೊದಲು ಕಾಕಾ, ಆಮೇಲೆ ದನದ ದವಾಖಾನಿ. ಹಳೇ ಬಾಗಲಕೋಟೆಗೆ ಆಲಮಟ್ಟಿ ಹಿನ್ನೀರು ಬಂದಾಗ ನಮ್ಮ ಕಾಕಾ ನವನಗರಕ್ಕೆ ಲಾರಿ ಹೇರಿದ. ಮೊದಲು ಏರಿದ್ದು ಗೊಟ್ಟ, ಆಮೇಲೆ ದೇವರ ಜಗುಲಿ, ಕಡೆಗೆ ಕಾಕು. ಆದರೆ ಆ ಸೆಕ್ಟರ್‌ಗಳಲ್ಲಿ ಎತ್ತು ಎಲ್ಲಿಂದ ಬರಬೇಕು? ಗೊಟ್ಟವನ್ನು ಕೈಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತುವುದು ರೂಢಿಯಾಯಿತು. ಹುನಗುಂದದಲ್ಲಿ ಬೀಗರ ಎಮ್ಮೆ, ಬನಶಂಕರಿ ಜಾತ್ರೆಯಲ್ಲಿ ಯಾರದೋ ಹೋರಿ. ಕರೆಯಬೇಕೆಂದೇನಿಲ್ಲ, ಕೆಮ್ಮಿದರೆ ಸಾಕು.

ಬಾದಾಮಿಯಲ್ಲಿ ನನ್ನ ಪರಿಚಯದ ಟಾಂಗಾದವನೊಬ್ಬನಿದ್ದಾನೆ. ಸ್ಟೇಷನ್ನಿನಿಂದ ಊರಿಗೆ ಸುಮಾರು 5 ಕಿಲೊಮೀಟರ್. ಆ ದಾರಿ ಆಟೋದವರ ಪಾಲಾದ ಮೇಲೆ ಅವನ ಕುದುರೆ ಮದುಮಗಂದಿರನ್ನು ಹೊರುತ್ತದೆ. ಸೊರಗಿತೆಂದು ಡಾಕ್ಟರು ಟಾನಿಕ್ ಬರೆದರು. ನೆನೆಸಿದ ಹುರುಳಿಯಲ್ಲಿ ಕಲಸಿಟ್ಟರೆ ಮೂಸಿ, ಬುಟ್ಟಿ ಒದ್ದು, ಗುಡ್ಡದ ಕಡೆ ಮುಖ ಮಾಡಿ ನಿಂತಿತು. ಸೂಜಿಯಿಲ್ಲದ ದೊಡ್ಡ ಸಿರಿಂಜ್ ತಂದರೆ ಗೋಣು ತಗಡಿನ ಚಪ್ಪರಕ್ಕೆ ಮುಟ್ಟಿತು. ಸುದ್ದಿ ಕಾಕಾನಿಗೂ ಮುಟ್ಟಿತು.

“ಸರೀರಿ ಎಲ್ಲಾರೂ. ನಾಲಿಗಿ ಹಿಡದು, ಗೋಣು ಮ್ಯಾಲೆತ್ತಿ ಗೊಟ್ಟ ಹಾಕಿದ್ರ ಮುಗೀತು!”

“ಕಾಕಾರ, ಇದು ಎತ್ತಲ್ರೀ.”

“ನಾಕು ಕಾಲು ಅದಾವಿಲ್ಲೋ ತಮ್ಮಾ?”

ಇದ್ದವು. ಅವುಗಳಲ್ಲಿ ಹಿಂದಿನವೆರಡು ಕಾಕಾನ ಧೋತರ ಸವರಿಕೊಂಡು ಹೋದವು. ಪಟಗ ಕಣಿಕೆ ಬಣವೆಯ ಮೇಲೆ ಕೂತಿತು, ಕಾಕಾ ಬಣವೆಯ ಬುಡದಲ್ಲಿ.

ಗೋಣು ಎತ್ತಲೇಬಾರದು, ಔಷಧ ಶ್ವಾಸನಾಳಕ್ಕಿಳಿದರೆ ಪ್ರಾಣಕ್ಕೆ ಸಂಚಕಾರ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಅದನ್ನು ಕಿವಿಗೆ ಹಾಕಿಕೊಂಡವಳು ಟಾಂಗಾದವನ ಮಗಳು, ಏಳನೇ ಇಯತ್ತೆ. ಮೊದಲ ದಿನ ಸಿರಿಂಜ್ ಮೂಸಲು ಕೊಟ್ಟು ಕಿಸೆಗೆ ಹಾಕಿಕೊಂಡಳು, ಅಷ್ಟೇ. ಮರುದಿನ ತುಟಿಗೆ ತಾಗಿಸಿ, ಕುದುರೆ ಸುಮ್ಮನೆ ನಿಂತ ಗಳಿಗೆ ನೋಡಿ ತೆಗೆದಳು. ಗೋಣು ಕೊಡವಿದಾಗ ತೆಗೆದರೆ ಕೊಡವುವುದನ್ನೇ ಕಲಿಸಿದ ಹಾಗಂತೆ. ಆಮೇಲೆ ಬೆಲ್ಲದ ನೀರು. ಕುದುರೆಗೆ ಮುಂದಿನ ಹಲ್ಲಿಗೂ ದವಡೆ ಹಲ್ಲಿಗೂ ನಡುವೆ ಒಂದು ಬೋಳು ಜಾಗವಿದೆ, ಕಡಿವಾಣ ಕೂರುವುದು ಅಲ್ಲೇ. ಆ ಸಂದಿಯಿಂದ ಸಿರಿಂಜ್ ತೂರಿಸಿ ನಾಲಿಗೆಯ ಮೇಲೆ ಸ್ವಲ್ಪಸ್ವಲ್ಪವೇ ಬಿಡುತ್ತಿದ್ದಳು. ಹತ್ತನೇ ದಿನ ಬೆಲ್ಲದ ನೀರಿನ ಬೆನ್ನಿಗೆ ಟಾನಿಕ್ ಹೋಯಿತು, ಟಾನಿಕ್‌ನ ಬೆನ್ನಿಗೆ ಮತ್ತೆ ಬೆಲ್ಲ.

ಹತ್ತೂ ದಿನ ಕಾಕಾ ಕಟ್ಟೆಯ ಮೇಲೆ, ಸೊಂಟಕ್ಕೆ ಬಿಸಿ ಉಪ್ಪಿನ ಗಂಟು ಒತ್ತಿಕೊಂಡು ಕೂತಿದ್ದ. “ಹಾಂ... ಹಂಗ! ನಾ ಹೇಳಿದ್ದೂ ಅದನ್ನ!”

ಮೊನ್ನೆ ಇಳಕಲ್ಲಿನಲ್ಲಿ ಒಂದು ಮದುವೆ. ಮದುಮಗ ಕುದುರೆ ಏರಿದ್ದಾನೆ, ಕೆಂಪು ಸೆರಗಿನ ಸೀರೆಗಳೆಲ್ಲ ಆರತಿ ಹಿಡಿದು ನಿಂತಿವೆ. ಸನಾದಿಯವನು ಜೋರು ತೋರಿಸಲು ಮುಂದೆ ಬಂದು ವಾದ್ಯ ಮೇಲೆತ್ತಿದ. ಕುದುರೆ ತಟ್ಟನೆ ನಿಂತಿತು, ತುಟಿ ಚಾಚಿ ಸನಾದಿಯ ಬಾಯಿಗೆ ಬಾಯಿಟ್ಟು ಬೆಲ್ಲಕ್ಕೆ ಕಾಯತೊಡಗಿತು. ಊದುವವನ ಉಸಿರು ನಿಂತಿತು, ಮದುಮಗ ಜೂಲು ತಬ್ಬಿದ.

ಊಟದ ಪಂಕ್ತಿಯಿಂದ ಕಾಕಾ ಎದ್ದು ನಿಂತ, ಕೈಯಲ್ಲಿ ಅರ್ಧ ಹೋಳಿಗೆ.

“ನೋಡಿದ್ರೇನ್ರಿ? ನಾ ಕಲಿಸಿದ ಕುದುರಿ!”